ವಿಕಲಚೇತನರ ಮೇಲೆ ಜೋಕ್: ಸಿನಿಮಾ, ಟಿವಿಯಲ್ಲಿ ಮಿತಿ ಎಲ್ಲಿವರೆಗೆ? ಸುಪ್ರೀಂ ಕೋರ್ಟ್ ಹೇಳಿದ್ದೇನು?

ಕಾಮಿಡಿ ಸೀನ್‌ನಲ್ಲಿ ಒಬ್ಬ ತೊದಲುತ್ತಾನೆ, ಎದುರಿಗಿದ್ದವ ತಲೆಗೊಂದು ಬಿಡ್ತಾನೆ, ಥಿಯೇಟರ್ ತುಂಬಾ ನಗು. ಕಿವಿ ಕೇಳದ ತಾತ ಏನೋ ಕೇಳಿದ್ರೆ ಇನ್ನೇನೋ ಹೇಳ್ತಾನೆ, ಮತ್ತೆ ನಗು. ಯಾವ ಭಾಷೆಯ ಸಿನಿಮಾ ಆದ್ರೂ ಇದು ಹಳೇ ಸೀನ್. ಆದರೆ ಅದೇ ಡೈಲಾಗ್ ಮರುದಿನ ಶಾಲೆಯಲ್ಲಿ, ಸಂತೆಯಲ್ಲಿ ನಿಜವಾಗಿಯೂ ತೊದಲುವ ಹುಡುಗನ ಅಡ್ಡಹೆಸರಾಗುತ್ತೆ.

ಏನಿದು ಪ್ರಕರಣ?

2023ರ ನವೆಂಬರ್‌ನಲ್ಲಿ ‘ಆಂಖ್ ಮಿಚೋಲಿ’ ಎಂಬ ಹಿಂದಿ ಸಿನಿಮಾ ಬಂತು. ಅದರಲ್ಲಿ ಮರೆವಿನ ಕಾಯಿಲೆ ಇರುವವರು, ಕಿವಿ ಕೇಳದವರು, ತೊದಲುವವರು, ರಾತ್ರಿ ಕಣ್ಣು ಕಾಣದವರು ಎಲ್ಲರೂ ಇದ್ದಾರೆ. ತೊದಲುವವನನ್ನು ಸಿಕ್ಕಿಕೊಂಡ ಕ್ಯಾಸೆಟ್ಟಿಗೆ ಹೋಲಿಸಿದ್ದು, ಕಿವಿ ಕೇಳದವನನ್ನು ಸೌಂಡ್‌ಪ್ರೂಫ್ ಸಿಸ್ಟಮ್ ಅಂದಿದ್ದು ಸರಿಯಲ್ಲ ಅಂತ ವಿಕಲಚೇತನರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಕೋರ್ಟ್ ಮೆಟ್ಟಿಲೇರಿದರು. ದೆಹಲಿ ಹೈಕೋರ್ಟ್‌ನಲ್ಲಿ ಅರ್ಜಿ ವಜಾ ಆಯ್ತು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಸಿನಿಮಾಕ್ಕೆ ಕತ್ತರಿ ಹಾಕಲು ಕೋರ್ಟ್ ಹೋಗಲಿಲ್ಲ. ಆದರೆ ಮುಂದೆ ಸಿನಿಮಾ ಮಾಡುವವರಿಗೆ ದಾರಿ ಹೇಳಿತು.

ಎರಡು ಥರದ ತಮಾಷೆ

ತೀರ್ಪಿನ ಮುಖ್ಯ ಅಂಶ ಇದೇ. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ತಮಾಷೆ ಬೇರೆ, ಆ ವ್ಯಕ್ತಿಯನ್ನೇ ಕೀಳು ಮಾಡುವ ತಮಾಷೆ ಬೇರೆ. ಕೀಳು ಮಾತು ತೆರೆ ಮೇಲೆ ಬಂದ ಮಾತ್ರಕ್ಕೆ ತಪ್ಪಲ್ಲ. ಆ ಮಾತು ಎಷ್ಟು ನೋವು ಕೊಡುತ್ತೆ ಅಂತ ತೋರಿಸಲು ಕಥೆಯಲ್ಲಿ ಬೇಕಿದ್ದರೆ ಬಳಸಬಹುದು. ಕಥೆ ಒಟ್ಟಾರೆ ಏನು ಹೇಳ್ತಿದೆ ಅನ್ನೋದನ್ನ ನೋಡಬೇಕು.

ಕಣ್ಣು ಕಾಣದವರು ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೀತಾರೆ ಅಂತ ತೋರಿಸೋದು ತಪ್ಪು, ಅವರನ್ನು ಪವಾಡ ಪುರುಷರ ಥರ ತೋರಿಸೋದೂ ತಪ್ಪು. ಕಾಯಿಲೆ ಬಗ್ಗೆ ಸರಿಯಾಗಿ ತಿಳಿದುಕೊಂಡು ಬರೀರಿ, ವಿಕಲಚೇತನರನ್ನೇ ಕೇಳಿ ಬರೀರಿ ಅಂತಲೂ ಕೋರ್ಟ್ ಹೇಳಿದೆ. ‘ಪಾಪ, ನರಳ್ತಿದ್ದಾರೆ’ ಅನ್ನೋ ಧಾಟಿಯ ಪದಗಳೂ ಬೇಡವಂತೆ. ನಮ್ಮ ಧಾರಾವಾಹಿಗಳಲ್ಲಿ ಬೈಗುಳಕ್ಕಿಂತ ಈ ‘ಪಾಪ’ವೇ ಜಾಸ್ತಿ.

ಕನ್ನಡದಲ್ಲಿ ಸರಿಯಾಗಿ ಮಾಡಿದವರಿಲ್ಲ ಅಂತಲ್ಲ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅವರದ್ದು ಅಲ್ಜೈಮರ್ ಕಾಯಿಲೆಯ ಅಪ್ಪನ ಪಾತ್ರ. ನಗು ಅಲ್ಲೂ ಇದೆ, ಆದರೆ ಅಪ್ಪನ ಕಾಯಿಲೆಯನ್ನು ಆಡಿಕೊಳ್ಳುವ ನಗು ಅಲ್ಲ. ಅದಕ್ಕೂ ಹಿಂದೆ, 1971ರಲ್ಲಿ ಪುಟ್ಟಣ್ಣ ಕಣಗಾಲ್ ‘ಶರಪಂಜರ’ ಮಾಡಿದ್ದರು. ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ದೂಡಿದ್ದು ಮನೆಯವರ, ನೆರೆಹೊರೆಯವರ ನಡವಳಿಕೆ. ಮಾನಸಿಕ ಕಾಯಿಲೆಯೂ ಈಗ ಕಾನೂನಿನ ಪಟ್ಟಿಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದು.

ಅಂಗಡಿ ಮುಂದೆ ಆಡಿಕೊಂಡರೆ?

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ವಿಕಲಚೇತನರನ್ನು ಅವಮಾನಿಸುವ ಉದ್ದೇಶದಿಂದಲೇ ಬೈದರೆ ಕನಿಷ್ಠ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಬಸ್ ಸ್ಟ್ಯಾಂಡ್, ಹೋಟೆಲ್, ಅಂಗಡಿ ಮುಂಗಟ್ಟು ಎಲ್ಲವೂ ಇದರಲ್ಲಿ ಬರುತ್ತೆ. ಉದ್ದೇಶ ಸಾಬೀತಾಗಬೇಕು, ಹಾಗಾಗಿ ಬಾಯಿ ತಪ್ಪಿ ಆಡಿದ ಮಾತೆಲ್ಲ ಕೇಸ್ ಆಗಲ್ಲ. ಆದ್ರೆ ಗಿರಾಕಿಯನ್ನು ದಿನಾ ‘ಕುಂಟ’ ಅಂತ ಕೂಗಿ ಕರೆಯೋದನ್ನ ಬಾಯಿ ತಪ್ಪಿದ್ದು ಅನ್ನೋಕೆ ಕಷ್ಟ.

ಟಿವಿ ಬಗ್ಗೆ ದೂರು ಹೇಗೆ?

ಟಿವಿ ಕಾರ್ಯಕ್ರಮದ ಬಗ್ಗೆ ಮೊದಲು ಚಾನೆಲ್‌ಗೇ ಬರಹದಲ್ಲಿ ದೂರು ಕೊಡಬೇಕು. ಕಾರ್ಯಕ್ರಮದ ಹೆಸರು, ಪ್ರಸಾರದ ದಿನ, ಸಮಯ ಬರೆಯಿರಿ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮದಂತೆ ಚಾನೆಲ್‌ನವರು 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ಏನು ಕ್ರಮ ಅಂತ ತಿಳಿಸಬೇಕು. ಉತ್ತರ ಸಮಾಧಾನ ತರದಿದ್ದರೆ, ಚಾನೆಲ್ ಸದಸ್ಯತ್ವ ಪಡೆದಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮತ್ತೆ 15 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಾಯ್ದೆ, ಸೌಲಭ್ಯದ ಬಗ್ಗೆ ವಿಚಾರಿಸಲು ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಇರ್ತಾರೆ.