ಗದ್ದಲಕ್ಕೆ ಗದ್ದಲವೇ ಮದ್ದು: ವೈಮಾನಿಕರ ಹೆಡ್‌ಸೆಟ್ ಆಯ್ಕೆಯ ಹಿಂದಿನ ಭೌತಶಾಸ್ತ್ರ

ಬಿ.ಎಸ್ಸಿ.ಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಹುಡುಗಿಯೊಬ್ಬಳು ವಿಮಾನ ಚಾಲನೆಯ ತರಬೇತಿಗೆ ಸೇರಿದಳು. ಒಂದು ಸಂಜೆ ಫೋನ್ ಮಾಡಿ, "ಸರ್, ಹೆಡ್‌ಸೆಟ್ ಕೊಳ್ಳಬೇಕು. ಸಾಧಾರಣದ್ದಕ್ಕಿಂತ ಗದ್ದಲ ಅಳಿಸುವ ಹೆಡ್‌ಸೆಟ್‌ನ ಬೆಲೆ ಮೂರು ಪಟ್ಟು. ಅದು ಸಾವಿರ ಡಾಲರಿಗೂ ಹೆಚ್ಚು. ಅಪ್ಪ ಈಗಾಗಲೇ ಸಾಲ ಮಾಡಿದ್ದಾರೆ. ಅಷ್ಟು ಹಣ ಕೊಡುವುದರಲ್ಲಿ ಅರ್ಥವಿದೆಯೇ?" ಎಂದು ಕೇಳಿದಳು. ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಅವಳ ಪ್ರಶ್ನೆಗೆ ಬೇಕಾದ ಉತ್ತರವೆಲ್ಲ ನಾವು ತರಗತಿಯಲ್ಲಿ ಕಲಿಸುವ ತರಂಗಗಳ ಅಧ್ಯಾಯದಲ್ಲೇ ಇದೆ ಎಂಬುದು ಮಾತ್ರ ಖಚಿತವಿತ್ತು. ಆ ಉತ್ತರವನ್ನು ನಾವಿಬ್ಬರೂ ಹೇಗೆ ಕಂಡುಕೊಂಡೆವು ಎಂಬುದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಕಾಕ್‌ಪಿಟ್ಟಿನಲ್ಲಿ ಎಂಥ ಗದ್ದಲ?

ತರಬೇತಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೆಸ್ನಾ 172 ವಿಮಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಇದರಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಇದೆ. ಎರಡು ಅಲಗಿನ ಪ್ರೊಪೆಲರನ್ನು ಎಂಜಿನ್ನಿನ ದಂಡಕ್ಕೆ ನೇರವಾಗಿ ಜೋಡಿಸಿದ್ದಾರೆ. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ ಎನ್ನೋಣ. ಅಂದರೆ ಸೆಕೆಂಡಿಗೆ 40 ಸುತ್ತು. ಅಲಗುಗಳು ಎರಡಾದ್ದರಿಂದ ಗಾಳಿಗೆ ಸೆಕೆಂಡಿಗೆ 80 ಹೊಡೆತ ಬೀಳುತ್ತವೆ.

ಇನ್ನು ಎಂಜಿನ್. ಇದು ನಾಲ್ಕು ಹೊಡೆತದ ಎಂಜಿನ್ ಆದ್ದರಿಂದ ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ನಾಲ್ಕು ಸಿಲಿಂಡರಿಗೆ ಸುತ್ತಿಗೆ ಎರಡು ಸಲ, ಸೆಕೆಂಡಿಗೆ ಮತ್ತೆ 80 ಸಲ! ಹೀಗೆ ಪ್ರೊಪೆಲರ್ ಮತ್ತು ಎಂಜಿನ್ ಎರಡರ ಮುಖ್ಯ ಸ್ವರವೂ 80 ಹರ್ಟ್ಸ್‌ನಲ್ಲೇ ಬಂದು ಕೂರುತ್ತದೆ. ಅದರ ಮೇಲೆ 160, 240, 320 ಹರ್ಟ್ಸ್‌ಗಳ ಅನುಸ್ವರಗಳು. ಇವುಗಳ ಜೊತೆಗೆ ಬಾಗಿಲ ಸಂದುಗಳಲ್ಲಿ ನುಗ್ಗುವ ಗಾಳಿಯ ಸುಯ್ಲು. ಇದರಲ್ಲಿ ಹೆಚ್ಚಿನ ಆವೃತ್ತಿಗಳೂ ಇರುತ್ತವೆ. ಎಲ್ಲ ಸೇರಿ ಇಂಥ ಸಣ್ಣ ವಿಮಾನದೊಳಗಿನ ಶಬ್ದಮಟ್ಟ ಸುಮಾರು 90 ಡೆಸಿಬೆಲ್. ಮೇಲೇರುವಾಗ ಇನ್ನೂ ಹೆಚ್ಚು.

ಈ ಗದ್ದಲದಿಂದ ಎರಡು ಅಪಾಯಗಳಿವೆ. ಮೊದಲನೆಯದು ಕಿವಿಗೆ. ನಮ್ಮ ಒಳಕಿವಿಯ ಕಾಕ್ಲಿಯದಲ್ಲಿ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಸಂಕೇತವಾಗಿ ಬದಲಿಸುವುದು ಅವುಗಳ ಕೆಲಸ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆಯ ಮಿತಿಯನ್ನು ಶಿಫಾರಸು ಮಾಡಿದೆ. ಮಟ್ಟ 3 ಡೆಸಿಬೆಲ್ ಏರಿದರೆ ಶಬ್ದಶಕ್ತಿ ಇಮ್ಮಡಿಯಾಗುತ್ತದೆ. ಆದ್ದರಿಂದ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಹಾರಬೇಕು. ಅದೇ ವೃತ್ತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಶ್ರವಣ ಪರೀಕ್ಷೆಯೂ ಸೇರಿದೆ. ಕಲಿಯುವಾಗ ಕಳೆದುಕೊಂಡ ಕಿವಿಯಿಂದ ಮುಂದೆ ಕೆಲಸಕ್ಕೇ ಕುತ್ತು ಬರಬಹುದು.

ಎರಡನೆಯ ಅಪಾಯ ಮಾತಿಗೆ. ಗಟ್ಟಿಯಾದ ಕಡಿಮೆ ಆವೃತ್ತಿಯ ಶಬ್ದವು ತನಗಿಂತ ಹೆಚ್ಚಿನ ಆವೃತ್ತಿಯ ಶಬ್ದಗಳನ್ನೂ ಮರೆಮಾಡುತ್ತದೆ. ಕಾಕ್ಲಿಯದ ರಚನೆಯಿಂದಲೇ ಬಂದ ಗುಣ ಇದು. ಹೀಗಾಗಿ ಎಂಜಿನ್ನಿನ ಗುಡುಗು ರೇಡಿಯೋದಲ್ಲಿ ಬರುವ ವ್ಯಂಜನಗಳನ್ನು ನುಂಗಿಬಿಡುತ್ತದೆ. ನಿಯಂತ್ರಣ ಗೋಪುರದವರು ಹೇಳಿದ ಎತ್ತರದ ಅಂಕಿಯನ್ನು ತಪ್ಪಾಗಿ ಕೇಳಿಸಿಕೊಂಡರೆ ಏನಾದೀತೆಂದು ನೀವೇ ಊಹಿಸಬಹುದು.

ಮುಚ್ಚಿ ತಡೆಯುವ ವಿಧಾನ

ಸಾಧಾರಣ ವೈಮಾನಿಕ ಹೆಡ್‌ಸೆಟ್ ಕಿವಿಯನ್ನು ಪೂರ್ತಿ ಮುಚ್ಚುವ ಎರಡು ಬಟ್ಟಲುಗಳಿಂದ ಕೆಲಸ ಮಾಡುತ್ತದೆ. ಇದನ್ನು ನಿಷ್ಕ್ರಿಯ ವಿಧಾನ ಎನ್ನೋಣ. ಗಟ್ಟಿ ಪ್ಲಾಸ್ಟಿಕ್ ಬಟ್ಟಲು, ಒಳಗೆ ಸ್ಪಂಜು, ಅಂಚಿಗೆ ಮೆತ್ತೆ. ಶಬ್ದವು ಬಟ್ಟಲಿನ ಗೋಡೆಯನ್ನು ಅಲುಗಿಸಿದರೆ ಮಾತ್ರ ಒಳಗೆ ಬಂದೀತು. ಭಾರವಾದ ವಸ್ತುವನ್ನು ಬೇಗ ಬೇಗ ಅಲುಗಿಸುವುದು ಕಷ್ಟ, ನಿಧಾನವಾಗಿ ಅಲುಗಿಸುವುದು ಸುಲಭ. ಇದು ನ್ಯೂಟನ್ನನ ಎರಡನೆಯ ನಿಯಮವೇ. ಆದ್ದರಿಂದ ಹೆಚ್ಚಿನ ಆವೃತ್ತಿಯ ಶಬ್ದವನ್ನು ಬಟ್ಟಲು ಚೆನ್ನಾಗಿ ತಡೆಯುತ್ತದೆ. 80 ಹರ್ಟ್ಸ್‌ನ ಗುಡುಗನ್ನು ಬಹುಪಾಲು ಒಳಗೆ ಬಿಟ್ಟುಬಿಡುತ್ತದೆ. ಅದನ್ನೂ ತಡೆಯಬೇಕಾದರೆ ಬಟ್ಟಲನ್ನು ಭಾರ ಮಾಡಬೇಕು, ತಲೆಗೆ ಬಿಗಿಯಾಗಿ ಒತ್ತಬೇಕು. ಮೂರು ಗಂಟೆಯ ಹಾರಾಟದಲ್ಲಿ ತಲೆನೋವು ತಪ್ಪಿದ್ದಲ್ಲ.

ಎದುರು ಶಬ್ದದ ವಿಧಾನ

ಅಧ್ಯಾರೋಪಣ ತತ್ತ್ವವನ್ನು ನೆನಪಿಸಿಕೊಳ್ಳಿ. ಒಂದೇ ಪಾರ, ಒಂದೇ ಆವೃತ್ತಿಯ ಎರಡು ತರಂಗಗಳು 180 ಡಿಗ್ರಿ ಪ್ರಾವಸ್ಥಾ ವ್ಯತ್ಯಾಸದಿಂದ ಸೇರಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಅಳಿಯುತ್ತವೆ. ಗದ್ದಲವನ್ನು ಮೈಕ್ರೋಫೋನಿನಿಂದ ಗ್ರಹಿಸಿ, ತಿರುವು ಮಾಡಿ ಧ್ವನಿವರ್ಧಕದಿಂದ ಹೊರಡಿಸಿದರೆ ಗದ್ದಲ ಅಳಿಯುತ್ತದೆ ಎಂಬ ವಿಚಾರಕ್ಕೆ ಜರ್ಮನಿಯ ಪಾಲ್ ಲೂಯೆಗ್ 1933ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದ. 1936ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಆದರೆ ಅದನ್ನು ಸಾಧಿಸಬಲ್ಲ ಎಲೆಕ್ಟ್ರಾನಿಕ್ಸ್ ಆಗ ಇರಲಿಲ್ಲ.

1978ರಲ್ಲಿ ಅಮರ್ ಬೋಸ್ ಯೂರೋಪಿನಿಂದ ಬಾಸ್ಟನ್ನಿಗೆ ಮರಳುತ್ತಿದ್ದರು. ಅವರು ಎಂ.ಐ.ಟಿ.ಯ ಪ್ರಾಧ್ಯಾಪಕರು, ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಸದ್ದಿನಿಂದಾಗಿ ಸಂಗೀತ ಕೇಳಿಸಲಿಲ್ಲ. ಪ್ರಯಾಣ ಮುಗಿಯುವುದರೊಳಗೆ ಅವರು ಪರಿಹಾರದ ಲೆಕ್ಕಗಳನ್ನು ಹಾಕಿಯಾಗಿತ್ತು. 1986ರ ಡಿಸೆಂಬರಿನಲ್ಲಿ ಡಿಕ್ ರುಟಾನ್ ಮತ್ತು ಜೀನಾ ಯೇಗರ್ 'ವಾಯೇಜರ್' ವಿಮಾನದಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿದಾಗ ಧರಿಸಿದ್ದು ಬೋಸ್ ಅವರ ಪ್ರಾಯೋಗಿಕ ಹೆಡ್‌ಸೆಟ್‌ಗಳನ್ನು. 1989ರಲ್ಲಿ ಅವು ಮಾರುಕಟ್ಟೆಗೆ ಬಂದವು.

ಹತ್ತು ಸಾವಿರದಲ್ಲೊಂದು ಸೆಕೆಂಡಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಎದುರು ಶಬ್ದ ಸಮಯಕ್ಕೆ ಸರಿಯಾಗಿ ಬರಬೇಕು. ಮೈಕ್ರೋಫೋನು, ಮಂಡಲ, ಧ್ವನಿವರ್ಧಕ ಇವೆಲ್ಲ ಸೇರಿ 0.1 ಮಿಲಿಸೆಕೆಂಡ್ ವಿಳಂಬ ಮಾಡುತ್ತವೆ ಎಂದುಕೊಳ್ಳಿ. ಪಾರಗಳು ಸಮವಾಗಿದ್ದರೆ, ಉಳಿಯುವ ಶಬ್ದದ ಪಾರವು ಪ್ರಾವಸ್ಥಾ ದೋಷದ ಅರ್ಧ ಕೋನದ ಸೈನ್ ಬೆಲೆಯ ಎರಡರಷ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ:

100 ಹರ್ಟ್ಸ್: ದೋಷ 3.6 ಡಿಗ್ರಿ, ಉಳಿಯುವುದು ಶೇ. 6, ಇಳಿಕೆ 24 ಡೆಸಿಬೆಲ್.
500 ಹರ್ಟ್ಸ್: ದೋಷ 18 ಡಿಗ್ರಿ, ಉಳಿಯುವುದು ಶೇ. 31, ಇಳಿಕೆ 10 ಡೆಸಿಬೆಲ್.
1000 ಹರ್ಟ್ಸ್: ದೋಷ 36 ಡಿಗ್ರಿ, ಉಳಿಯುವುದು ಶೇ. 62, ಇಳಿಕೆ 4 ಡೆಸಿಬೆಲ್.
2000 ಹರ್ಟ್ಸ್: ದೋಷ 72 ಡಿಗ್ರಿ, ಉಳಿಯುವುದು ಶೇ. 118, ಅಂದರೆ ಗದ್ದಲ ಹೆಚ್ಚಾಗುತ್ತದೆ!

ದೋಷ 60 ಡಿಗ್ರಿ ದಾಟಿದರೆ ಔಷಧವೇ ರೋಗವಾಗುತ್ತದೆ. ಇದು ಸರಳಗೊಳಿಸಿದ ಲೆಕ್ಕ. ನಿಜವಾದ ಹೆಡ್‌ಸೆಟ್‌ಗಳಲ್ಲಿ ಬಟ್ಟಲೊಳಗಿನ ಮೈಕ್ರೋಫೋನು ಉಳಿದ ಗದ್ದಲವನ್ನು ಸತತವಾಗಿ ಅಳೆದು ಫೀಡ್‌ಬ್ಯಾಕ್ ಮಂಡಲದಿಂದ ತಿದ್ದುತ್ತಿರುತ್ತದೆ. ಅಲ್ಲಿಯೂ ಇದೇ ಮಿತಿ ಬೇರೆ ರೂಪದಲ್ಲಿ ಕಾಡುತ್ತದೆ. ಹೆಚ್ಚಿನ ಆವೃತ್ತಿಯಲ್ಲಿ ತಿದ್ದುವ ಸಂಕೇತ ತಡವಾಗಿ ಬಂದು ಗದ್ದಲದ ಜೊತೆಗೇ ಕೂಡಿಕೊಂಡರೆ, ಸಭೆಗಳಲ್ಲಿ ಮೈಕು ಕೀರಲಾರಂಭಿಸುತ್ತದಲ್ಲ, ಹಾಗೆ ಹೆಡ್‌ಸೆಟ್ಟೂ ಕೀರುತ್ತದೆ. ಆದ್ದರಿಂದ ತಯಾರಕರು ಹೆಚ್ಚಿನ ಆವೃತ್ತಿಗಳಲ್ಲಿ ಮಂಡಲದ ವರ್ಧನೆಯನ್ನು ಬೇಕೆಂದೇ ಇಳಿಸಿರುತ್ತಾರೆ.

ಇದರಿಂದ ತಿಳಿಯುವುದೇನು? ಬಟ್ಟಲು ಸೋಲುವ ಕಡೆ ಎಲೆಕ್ಟ್ರಾನಿಕ್ಸ್ ಗೆಲ್ಲುತ್ತದೆ. ಎಲೆಕ್ಟ್ರಾನಿಕ್ಸ್ ಸೋಲುವ ಕಡೆ ಬಟ್ಟಲು ಗೆಲ್ಲುತ್ತದೆ. ಒಳ್ಳೆಯ ಹೆಡ್‌ಸೆಟ್‌ನಲ್ಲಿ ಎರಡೂ ಇರಬೇಕು. ಗದ್ದಲ ಅಳಿಸುವ ಮಂಡಲವಿದೆಯೆಂದು ಬಟ್ಟಲನ್ನು ಕಡೆಗಣಿಸುವಂತಿಲ್ಲ.

ಎರಡು ಸಂದೇಹಗಳು

ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ: ಎರಡು ಶಬ್ದಗಳು ಅಳಿದರೆ ಶಕ್ತಿ ಎಲ್ಲಿ ಹೋಯಿತು? 80 ಹರ್ಟ್ಸ್ ಶಬ್ದದ ತರಂಗದೂರ 4 ಮೀಟರಿಗೂ ಹೆಚ್ಚು. ಬಟ್ಟಲಿನ ಒಳಗಾತ್ರ ಕೆಲವೇ ಸೆಂಟಿಮೀಟರ್. ಆದ್ದರಿಂದ ಬಟ್ಟಲೊಳಗೆ ಉಬ್ಬು ತಗ್ಗುಗಳು ಬೇರೆ ಬೇರೆ ಜಾಗದಲ್ಲಿರುವುದಿಲ್ಲ. ಎಲ್ಲೆಡೆ ಒತ್ತಡ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ಒತ್ತಡ ಏರಹೊರಟಾಗ ಧ್ವನಿವರ್ಧಕದ ಪೊರೆ ಹಿಂದೆ ಸರಿದು ಗಾಳಿಗೆ ಜಾಗ ಮಾಡಿಕೊಡುತ್ತದೆ. ಇಳಿಯಹೊರಟಾಗ ಮುಂದೆ ಬಂದು ತುಂಬುತ್ತದೆ. ಒತ್ತಡದ ಏರಿಳಿತವನ್ನೇ ಅದು ತಡೆಯುತ್ತದೆ. ಶಕ್ತಿ ಮಾಯವಾಗುವುದಿಲ್ಲ; ಪೊರೆಯ ಮೇಲೆ ನಡೆದ ಕೆಲಸದ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಪ್ರಶ್ನೆ: ಗದ್ದಲದ ಜೊತೆಗೆ ರೇಡಿಯೋದ ಮಾತೂ ಅಳಿಯುವುದಿಲ್ಲವೇ? ಇಲ್ಲ. ಮಾತು ತಂತಿಯಲ್ಲಿ ವಿದ್ಯುತ್ ಸಂಕೇತವಾಗಿ ಬರುವುದರಿಂದ ಅದು ಹೇಗಿದೆಯೆಂದು ಮಂಡಲಕ್ಕೆ ಮೊದಲೇ ಗೊತ್ತು. ಒಳಗಿನ ಮೈಕ್ರೋಫೋನು ಗ್ರಹಿಸಿದ್ದರಲ್ಲಿ ಆ ಸಂಕೇತವನ್ನು ಕಳೆದು, ಉಳಿದದ್ದನ್ನು ಮಾತ್ರ ಗದ್ದಲವೆಂದು ಎಣಿಸುತ್ತದೆ.

ಕೊಳ್ಳುವ ಮುನ್ನ ನೋಡಬೇಕಾದದ್ದು

1. ಯಾವ ವಿಮಾನ? ಪ್ರೊಪೆಲರ್ ವಿಮಾನದಲ್ಲಿ ಕಡಿಮೆ ಆವೃತ್ತಿಯ ಗದ್ದಲವೇ ಪ್ರಧಾನ. ಸಕ್ರಿಯ ವಿಧಾನದ ಲಾಭ ಅಲ್ಲಿ ಎದ್ದು ಕಾಣುತ್ತದೆ. ಹೆಲಿಕಾಪ್ಟರಿನಲ್ಲಿ ರೋಟರಿನ ಗುಡುಗಿನ ಜೊತೆಗೆ ಗೇರುಗಳ ಕೀರಲು ಸದ್ದೂ ಇರುವುದರಿಂದ ಒಳ್ಳೆಯ ಬಟ್ಟಲು ಅಷ್ಟೇ ಮುಖ್ಯ. ದೊಡ್ಡ ಜೆಟ್ ವಿಮಾನದ ಕಾಕ್‌ಪಿಟ್ಟಿನಲ್ಲಿ ಗದ್ದಲ ಕಡಿಮೆ. ಅಲ್ಲಿ ಹಗುರವಾದದ್ದು ಸಾಕಾಗಬಹುದು.

2. ಪ್ಲಗ್ ಯಾವುದು? ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಎರಡು ಪ್ಲಗ್‌ಗಳು: ಕೇಳಲು 6.35 ಮಿಲಿಮೀಟರಿನದು, ಮಾತಿಗೆ ಅದಕ್ಕಿಂತ ತೆಳುವಾದದ್ದು. ಹೆಲಿಕಾಪ್ಟರುಗಳಲ್ಲಿ ಹೆಚ್ಚಾಗಿ ಒಂದೇ ಪ್ಲಗ್. ಸಂಗೀತಕ್ಕೆಂದು ಕೊಂಡ ಹೆಡ್‌ಫೋನ್ ಇಲ್ಲಿ ನೇರವಾಗಿ ನಡೆಯುವುದಿಲ್ಲ.

3. ಡೆಸಿಬೆಲ್ ಅಂಕಿಯನ್ನು ಹೇಗೆ ಅಳೆದಿದ್ದಾರೆ? ಸಾಧಾರಣ ಹೆಡ್‌ಸೆಟ್‌ಗಳ ಮೇಲೆ ಇರುವ ಒಂದೇ ಅಂಕಿಯ ರೇಟಿಂಗ್, ಕಿವಿ ಮುಚ್ಚಿದಾಗ ಮತ್ತು ತೆರೆದಾಗ ಜನರಿಗೆ ಕೇಳಿಸುವ ಅತಿ ಮೆಲುವಾದ ಶಬ್ದಗಳನ್ನು ಹೋಲಿಸಿ ಪಡೆದದ್ದು. ಸಕ್ರಿಯ ಮಂಡಲ ತಾನೇ ಸಣ್ಣ ಸುಯ್ಲು ಹೊರಡಿಸುವುದರಿಂದ ಈ ಪರೀಕ್ಷೆ ಅದಕ್ಕೆ ಹೊಂದುವುದಿಲ್ಲ. ಆದ್ದರಿಂದ ಎರಡು ಬಗೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಪ್ರತಿ ಆವೃತ್ತಿಗೂ ಎಷ್ಟು ಇಳಿಕೆ ಎಂದು ತೋರಿಸುವ ನಕ್ಷೆ ಸಿಕ್ಕರೆ ಅದನ್ನು ನೋಡಿ.

4. ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ. ಕನ್ನಡಕದ ದಪ್ಪ ಕಡ್ಡಿ ಮೆತ್ತೆಯನ್ನು ಎತ್ತಿ ಸಂದು ಮಾಡಿದರೆ ಕಡಿಮೆ ಆವೃತ್ತಿಯ ಶಬ್ದ ಅಲ್ಲಿಂದ ಒಳಗೆ ನುಗ್ಗುತ್ತದೆ. ದುಬಾರಿ ಮಂಡಲದ ಶ್ರಮವೆಲ್ಲ ಆ ಸಂದನ್ನು ತುಂಬುವುದಕ್ಕೇ ವ್ಯಯವಾಗುತ್ತದೆ.

5. ಬ್ಯಾಟರಿ ತೆಗೆದು ಪರೀಕ್ಷಿಸಿ. ಬ್ಯಾಟರಿ ಸತ್ತರೂ ರೇಡಿಯೋ ಮಾತು ಕೇಳಿಸಲೇಬೇಕು, ಬಟ್ಟಲು ಗದ್ದಲವನ್ನು ತಡೆಯುತ್ತಿರಬೇಕು.

6. ಎಚ್ಚರಿಕೆಯ ಸದ್ದುಗಳು ಕೇಳಿಸುತ್ತವೆಯೇ? 2007ರಲ್ಲಿ ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಈ ಬಗ್ಗೆ ವೈಮಾನಿಕರನ್ನು ಎಚ್ಚರಿಸಿತು. ವಿಮಾನ ಎತ್ತುವ ಬಲ ಕಳೆದುಕೊಳ್ಳುವ ಮುನ್ನ ಕೂಗುವ ಹಾರ್ನ್ ಮತ್ತು ಎಂಜಿನ್ನಿನ ಲಯ ತಪ್ಪಿದ ಸದ್ದು ಹೆಡ್‌ಸೆಟ್ ಧರಿಸಿದಾಗ ಹೇಗೆ ಕೇಳಿಸುತ್ತವೆ ಎಂಬುದನ್ನು ಶಿಕ್ಷಕರ ಜೊತೆಗಿರುವಾಗಲೇ ಕಿವಿಗೆ ಪರಿಚಯ ಮಾಡಿಕೊಳ್ಳಬೇಕು.

7. ಹಣ ಸಾಲದೇ? ಒಳ್ಳೆಯ ಸಾಧಾರಣ ಹೆಡ್‌ಸೆಟ್ ಕೊಂಡು, ಅದರಡಿ ಕಿವಿಗೆ ಮೆತ್ತನೆಯ ಫೋಮ್ ಬಿರಡೆ ಹಾಕಿ, ರೇಡಿಯೋ ಧ್ವನಿಯನ್ನು ಏರಿಸಿಕೊಳ್ಳಬಹುದು. ಬಿರಡೆಯು ಗದ್ದಲವನ್ನೂ ಮಾತನ್ನೂ ಒಟ್ಟಿಗೆ ಇಳಿಸುತ್ತದೆ. ಆದರೆ ಏರಿಸಿಕೊಳ್ಳುವುದು ಮಾತನ್ನು ಮಾತ್ರ. ಕಿವಿ ಉಳಿಯುತ್ತದೆ, ಮಾತೂ ಕೇಳಿಸುತ್ತದೆ. ಇದರಲ್ಲೂ ಎಚ್ಚರಿಕೆಯ ಸದ್ದುಗಳನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ವರ್ಧಕಕ್ಕೆ ಜೋಡಿಸಿದ, ಒಂದೇ ಬಗೆಯ ಎರಡು ಧ್ವನಿವರ್ಧಕ ಪೆಟ್ಟಿಗೆಗಳನ್ನು ಒತ್ತಾಗಿ ಎದುರುಬದುರು ಇಡಿ. ಮೊಬೈಲಿನ ಸ್ವರ ಉತ್ಪಾದಕ ತಂತ್ರಾಂಶದಿಂದ 150 ಹರ್ಟ್ಸ್‌ನ ಸ್ವರ ನುಡಿಸಿ. ನಂತರ ವರ್ಧಕವನ್ನು ಆರಿಸಿ, ಒಂದು ಪೆಟ್ಟಿಗೆಯ ಎರಡು ತಂತಿಗಳನ್ನು ಮಾತ್ರ ಅದಲುಬದಲು ಮಾಡಿ ಮತ್ತೆ ನುಡಿಸಿ. ಸ್ವರ ಗಮನಾರ್ಹವಾಗಿ ಕುಗ್ಗುತ್ತದೆ. ಈಗ ಆವೃತ್ತಿಯನ್ನು 3000 ಹರ್ಟ್ಸ್‌ಗೆ ಏರಿಸಿ. ಕುಗ್ಗುವಿಕೆ ಬಹುಮಟ್ಟಿಗೆ ಇಲ್ಲವಾಗಿ, ತಲೆ ಅಲುಗಿಸಿದಂತೆ ಸ್ವರ ಏರಿಳಿಯುತ್ತದೆ. ಕಾರಣವನ್ನು ತರಂಗದೂರಗಳ ಲೆಕ್ಕ ಹಾಕಿ ವಿದ್ಯಾರ್ಥಿಗಳೇ ಹೇಳಲಿ.

ನನ್ನ ವಿದ್ಯಾರ್ಥಿನಿ ಮೊದಲ ಕೆಲವು ತಿಂಗಳು ಸಾಧಾರಣ ಹೆಡ್‌ಸೆಟ್ ಮತ್ತು ಫೋಮ್ ಬಿರಡೆಯಿಂದಲೇ ಹಾರಿದಳು. ಆಮೇಲೆ ಹಣ ಕೂಡಿಸಿ ಗದ್ದಲ ಅಳಿಸುವ ಹೆಡ್‌ಸೆಟ್ ಕೊಂಡಳು. ಕೊಳ್ಳುವ ಮುನ್ನ ಅಂಗಡಿಯವನಿಗೆ, "ಮೊದಲು ಬ್ಯಾಟರಿ ತೆಗೆಯಿರಿ" ಎಂದಳಂತೆ. ಅವನಿಗೆ ಆಶ್ಚರ್ಯವಾಯಿತಂತೆ. ನನಗೆ ಮಾತ್ರ, ತರಂಗಗಳ ಅಧ್ಯಾಯ ಅವಳಿಗೆ ಚೆನ್ನಾಗಿಯೇ ಅರ್ಥವಾಗಿದೆ ಎಂದು ಸಮಾಧಾನವಾಯಿತು.