ಕಾರ್ಖಾನೆಯ ಕೋವಿಯೂ ದೂರದ ಗುರಿಯೂ

ಕೊಡಗಿನ ಮನೆಗಳಲ್ಲಿ ಕೋವಿಯು ಬರಿಯ ಆಯುಧವಲ್ಲ. ಮನೆಯ ಹಿರಿಯರಿಗೆ ಸಲ್ಲುವ ಮರ್ಯಾದೆಯು ಅದಕ್ಕೂ ಸಲ್ಲುವುದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮರಣವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿಯ ಹಳೆಯ ರೂಢಿ. ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವರು. ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯು ನಿಷಿದ್ಧವಾದ ಮೇಲೆ, ಗುರಿಗಾರನ ನೈಪುಣ್ಯಕ್ಕೆ ಈ ಕಾಯಿಯೇ ಒರೆಗಲ್ಲು.

ಕಳೆದ ವರ್ಷ ಕಾಯಿಯನ್ನು ಒಡೆದ ರೈಫಲೇ ಈ ವರ್ಷ ಗುರಿ ತಪ್ಪುವುದುಂಟು. ಜನರು ಕೈಯನ್ನೋ ಕಣ್ಣನ್ನೋ ದೂರುವರು. ಆದರೆ ಅನೇಕ ವೇಳೆ ತಪ್ಪು ಮರದ್ದು. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಆ ತೇವವನ್ನು ಹೀರಿದ ಮರವು ಉಬ್ಬಿ ನಳಿಗೆಯನ್ನು ಒಂದು ಪಕ್ಕದಿಂದ ಒತ್ತುವುದು. ಗುಂಡು ಹಾರುವಾಗ ನಳಿಗೆಯು ಮೀಟಿದ ತಂತಿಯಂತೆ ಕಂಪಿಸುವುದಷ್ಟೆ. ಆ ಕಂಪನಕ್ಕೆ ಮರವು ಒಮ್ಮೆ ಹೀಗೆ, ಒಮ್ಮೆ ಹಾಗೆ ಅಡ್ಡಬಂದರೆ ಗುಂಡುಗಳು ಒಂದೇ ದಾರಿಯನ್ನು ಹೇಗೆ ಹಿಡಿದಾವು? ೧೦೦ ಗಜದಲ್ಲಿ ಒಂದು ಅಂಗುಲದ ತಪ್ಪು ೩೦೦ ಗಜದಲ್ಲಿ ಮೂರು ಅಂಗುಲವಾಗುವುದು.

ಎರಡನೆಯ ಮಹಾಯುದ್ಧದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ದೊರೆಯಿತು. ದೂರದ ಗುರಿಗಾರರಿಗಾಗಿ ಬ್ರಿಟಿಷ್ ಸೈನ್ಯವು ಹೊಸ ರೈಫಲನ್ನು ನಿರ್ಮಿಸಲಿಲ್ಲ. ಕಾರ್ಖಾನೆಯಿಂದ ಬಂದ ಲೀ-ಎನ್‌ಫೀಲ್ಡ್ ರೈಫಲುಗಳಲ್ಲಿ ಚೆನ್ನಾಗಿ ಹೊಡೆಯುವುವನ್ನು ಆರಿಸಿ, ೧೯೪೨ರಿಂದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಕೋವಿ ತಯಾರಕರಿಗೆ ಒಪ್ಪಿಸಿತು. ಅವರು ಮರವನ್ನು ಉಕ್ಕಿಗೆ ಸರಿಯಾಗಿ ಕೂಡಿಸಿ, ಕೆನ್ನೆಗೆ ಒರಗು ಮರವನ್ನು ಸೇರಿಸಿ, ಮೂರು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನನ್ನು ಬಿಗಿದರು. ೨೦೦ ಗಜದಿಂದ ಹೊಡೆದ ಏಳು ಗುಂಡುಗಳೂ ಐದು ಅಂಗುಲದ ವೃತ್ತದೊಳಗೆ ಬಿದ್ದರೆ ಮಾತ್ರ ರೈಫಲು ತೇರ್ಗಡೆಯಾಗುತ್ತಿತ್ತು. ಹೀಗೆ ೨೦,೦೦೦ಕ್ಕೂ ಹೆಚ್ಚು ರೈಫಲುಗಳು ಸಿದ್ಧವಾದುವು.

ಮನೆಯ ರೈಫಲನ್ನು ಪರೀಕ್ಷಿಸುವುದು ಕಷ್ಟವಲ್ಲ. ಮೊದಲು ಅದು ಖಾಲಿಯಾಗಿದೆಯೆಂದು ಎರಡು ಬಾರಿ ನೋಡಿಕೊಳ್ಳಬೇಕು. ಬಳಿಕ ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದದ ಪಟ್ಟಿಯನ್ನು ತೂರಿಸಿ ಹಿಂದಕ್ಕೆ ಸರಿಸಿದರೆ, ಅದು ತಡೆದು ನಿಂತಲ್ಲಿ ಮರವು ತಾಗುತ್ತಿದೆಯೆಂದು ಅರ್ಥ. ಅನೇಕ ರೈಫಲುಗಳಲ್ಲಿ ನಳಿಗೆಯು ಬಿಡುವಾಗಿರುವುದೇ ಲೇಸು. ಆದರೆ ಲೀ-ಎನ್‌ಫೀಲ್ಡಿನಲ್ಲಿ ಮರವು ನಳಿಗೆಯ ತುದಿಯನ್ನು ಹದವಾಗಿ ಮೇಲಕ್ಕೊತ್ತುವಂತೆ ರಚಿಸಿರುವುದುಂಟು. ಆದುದರಿಂದ ಕೋವಿಯ ಜಾತಿಯನ್ನರಿಯದೆ ಉಳಿಯನ್ನು ಹಿಡಿಯಲಾಗದು. ಸಡಿಲವಾದ ತಿರುಪು, ಮಸಿ ಕಟ್ಟಿದ ನಳಿಗೆ, ಗುಂಡು ಹೊರಬೀಳುವ ಬಾಯಂಚಿನ ನಸುಗೀರು, ಇವೂ ಗುರಿಯನ್ನು ಕೆಡಿಸುವುವು. ಟ್ರಿಗರನ್ನು ಅತಿಯಾಗಿ ಹಗುರಮಾಡುವುದು ಮಾತ್ರ ಅಪಾಯಕರ. ಕೋವಿಯು ಕೈಜಾರಿ ಬಿದ್ದಾಗ ತಾನಾಗಿ ಸಿಡಿದೀತು.

ಇನ್ನೊಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ೧೮೬೧ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಇನ್ನೂ ಹತ್ತು ವರ್ಷಕ್ಕೆ, ಅಂದರೆ ೨೦೨೯ರ ವರೆಗೆ, ಮುಂದುವರಿಸಿದೆ. ಇಟ್ಟುಕೊಳ್ಳುವುದು ಬೇರೆ, ಮಾರ್ಪಡಿಸುವುದು ಬೇರೆ. ಕೋವಿಯನ್ನು ಮಾರ್ಪಡಿಸುವ, ದುರಸ್ತಿ ಮಾಡುವ ಕಸಬಿಗೆ ೧೯೫೯ರ ಆಯುಧ ಕಾಯಿದೆಯಂತೆ ಪ್ರತ್ಯೇಕ ಅನುಮತಿಪತ್ರ ಬೇಕು. ಅಂಥ ಪತ್ರವುಳ್ಳ ಕುಶಲನ ಕೈಗೇ ಆ ಕೆಲಸವನ್ನು ಒಪ್ಪಿಸತಕ್ಕದ್ದು.

ದೂರದ ಗುರಿಗೆ ಬೇಕಾದುದು ಕೋವಿಯ ಬಲವಲ್ಲ, ಅದರ ನಡೆಯ ಏಕರೂಪತೆ. ಒಂದೊಂದು ಗುಂಡೂ ಹಿಂದಿನದರಂತೆಯೇ ಹೊರಡುವಂತಾದರೆ, ಉಳಿದುದನ್ನು ಅಭ್ಯಾಸವು ಕಲಿಸುವುದು.