ವೀಣಾ ಕೆಳಗಿಳಿಯದ ಏಳು ದಿನ

ಬೇಸಿಗೆಯಲ್ಲಿ ಮಕ್ಕಳುಮರಿ ಸಮೇತ ಗುಡ್ಡ ಹತ್ತಿ, ಕೆಲವು ದಿನ ಪ್ರಾರ್ಥನೆ, ಹಾಡು, ಸಹಪಂಕ್ತಿಯಲ್ಲಿ ಕಳೆದು ಬರುವ ಕುಟುಂಬ ಶಿಬಿರಗಳು ಚರ್ಚುಗಳಲ್ಲಿ ಈಗ ಸಾಮಾನ್ಯ. ಅವುಗಳ ಹಿಂದೆ ಬಿಸಿಲಿನಿಂದ ತಪ್ಪಿಸಿಕೊಂಡ ಕಥೆಯಿದೆ. ಮಧುರೆಯ ಸೆಕೆ, ರೋಗಗಳಿಗೆ ಬೆದರಿದ ಅಮೆರಿಕನ್ ಮಿಶನರಿಗಳು 1845ರಲ್ಲಿ ಕೊಡೈಕೆನಾಲಿನಲ್ಲಿ ಮನೆ ಕಟ್ಟಿಕೊಂಡರು. 1930ರಲ್ಲಿ ಮೆಥಡಿಸ್ಟ್ ಮಿಶನರಿ ಸ್ಟ್ಯಾನ್ಲಿ ಜೋನ್ಸ್ ನೈನಿತಾಲ್ ಸಮೀಪದ ಸಾತ್‌ತಾಲ್‌ನಲ್ಲಿ ಕ್ರೈಸ್ತ ಆಶ್ರಮ ತೆರೆದಾಗ ಮಾತ್ರ ಈ ಕಥೆ ಬೇರೆ ದಾರಿ ಹಿಡಿಯಿತು. ಸಾಬರಮತಿಯನ್ನೂ ಶಾಂತಿನಿಕೇತನವನ್ನೂ ಕಂಡುಬಂದಿದ್ದ ಅವರು ಎಲ್ಲರೂ ಒಂದೇ ಸೂರಿನಡಿ ಇದ್ದು, ಕೈಕೆಲಸ ಹಂಚಿಕೊಂಡು ಬಾಳುವ ರೀತಿಯನ್ನು ನಮ್ಮ ನೆಲದಿಂದಲೇ ಕಲಿತರು. 1940ರಲ್ಲಿ ಅದನ್ನು ಅಮೆರಿಕಕ್ಕೂ ಒಯ್ದರು. ಅವರು ಕಲಿತ ಆ ರೀತಿ ಆಶ್ರಮಗಳಿಗಷ್ಟೇ ಸೇರಿದ್ದಲ್ಲ. ಕರ್ನಾಟಕದ ಗಡಿಗೆ ಅಂಟಿದ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು, ಅಂದರೆ ಸನಮಡಿ, ಉಮದಿಗಳ ಸೀಮೆ, ಮಳೆ ಕೈಕೊಡುವ ಬಯಲುನಾಡು. ಹತ್ತಲು ತಂಪಿನ ಗಿರಿಧಾಮವಿಲ್ಲ. ಆದರೂ ಕುಟುಂಬಗಳು ಒಟ್ಟಾಗಿ ದೇವರ ನೆನಪಿನಲ್ಲಿ ಏಳು ದಿನ ಕಳೆಯುವ ಸಪ್ತಾಹ ಈ ಗಡಿಸೀಮೆಯಲ್ಲಿ ಬಾಳಿಕೊಂಡು ಬಂದಿದೆ. ಇದು ಬಾಳಿದ್ದು ಊರು ಬಿಟ್ಟು ಹೋಗುವುದರಿಂದಲ್ಲ, ಪಾಳಿ ಹಿಡಿಯುವುದರಿಂದ ಎಂಬುದೇ ಈ ಬರಹದ ವಾದ.

ಆ ಪಾಳಿಯ ನಡುವೆ ಇರುವುದು ಒಂದು ವೀಣಾ. ಸರಸ್ವತಿಯ ಪಟದಲ್ಲಿ ಕಾಣುವ ವೀಣೆಯಲ್ಲ ಇದು. ಉದ್ದನೆಯ ದಂಡಿ, ಕೆಳಗೊಂದು ಬುರುಡೆ, ಶ್ರುತಿ ಹಿಡಿಯಲು ತಂತಿ, ಇಷ್ಟೇ. ಇದರ ಮೇಲೆ ರಾಗ ನುಡಿಸುವುದಿಲ್ಲ, ಶ್ರುತಿ ಮೀಟುತ್ತ ನಾಮ ಹೇಳುವುದು. ಹೀಗಾಗಿ ಹಿಡಿಯುವವನಿಗೆ ಸಂಗೀತ ಬರಬೇಕೆಂದಿಲ್ಲ, ಎಚ್ಚರ ಇದ್ದರೆ ಸಾಕು. ಪಂಢರಪುರದ ವಿಠಲನ ಭಕ್ತರಾದ ವಾರಕರಿಗಳ ಪದ್ಧತಿಯ ಅಖಂಡ ನಾಮ ಸಪ್ತಾಹದಲ್ಲಿ ಮೊದಲ ದಿನ ಹೆಗಲೇರಿದ ವೀಣಾ ಏಳು ದಿನ ಹಗಲೂ ರಾತ್ರಿ ನೆಲ ಮುಟ್ಟುವಂತಿಲ್ಲ, ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ನೇರವಾಗಿ ದಾಟಬೇಕು. ದಾಟಿಸುವಾಗ ಕೊಡುವವನು ತಗೊಳ್ಳುವವನ ಕಾಲಿಗೂ, ತಗೊಳ್ಳುವವನು ಕೊಡುವವನ ಕಾಲಿಗೂ ಎರಗುತ್ತಾರೆ. ಅಲ್ಲಿ ವಯಸ್ಸು, ಜಾತಿ, ಹೊಲದ ಎಕರೆ ಯಾವುದೂ ಲೆಕ್ಕಕ್ಕಿಲ್ಲ. ಹೀಗೆ ವೀಣಾ ಹಿಡಿದು ನಿಲ್ಲುವ ಪಾಳಿಗೆ ಪಹರೆ ಎನ್ನುತ್ತಾರೆ. ಏಳು ದಿನವೆಂದರೆ 168 ತಾಸು. ಎರಡೆರಡು ತಾಸಿನ ಪಹರೆ ಎಂದು ಹಿಡಿದರೂ 84 ಪಾಳಿ. ಒಬ್ಬ ಪೂಜಾರಿ, ನಾಲ್ಕು ಮಂದಿ ಹಿರಿಯರಿಂದ ಇದು ತುಂಬುವುದಿಲ್ಲ. ನಸುಕಿನ ಎರಡರಿಂದ ನಾಲ್ಕರ ಪಹರೆಗೆ ಗಟ್ಟಿ ಕಣ್ಣಿನ ಹುಡುಗರು ಬೇಕು, ಹಾಲು ಕರೆಯುವ ಹೊತ್ತಿಗೆ ದನಕರು ಇಲ್ಲದವರು ಬೇಕು, ಮಧ್ಯಾಹ್ನಕ್ಕೆ ಹೊಲದಿಂದ ಬಂದವರು ಬೇಕು. ಪಹರೆಯ ಪಟ್ಟಿ ಬರೆಯಲು ಕೂತರೆ ಊರಿನ ಮನೆಮನೆಯೂ ಅದರೊಳಗೆ ಬಂದೇ ಬರಬೇಕು. ಸಪ್ತಾಹವನ್ನು ಊರಿನ ಸಂಸಾರಗಳಿಗೆ ಕಟ್ಟಿಹಾಕಿರುವುದು ಭಕ್ತಿಯ ಆವೇಶಕ್ಕಿಂತ ಹೆಚ್ಚಾಗಿ ಈ ಲೆಕ್ಕವೇ. ಉಳಿದುದು ಇಷ್ಟು: ಬೆಳಗಿನ ಕಾಕಡಾರತಿ, ಪೋಥಿ ಅಂದರೆ ಧರ್ಮಗ್ರಂಥ ಓದುವುದು, ರಾತ್ರಿ ಕೀರ್ತನೆ, ಕಡೆಯ ದಿನ ಸಮಾರೋಪದ ಕಾಲಾ, ಆಮೇಲೆ ಪ್ರಸಾದದ ಪಂಕ್ತಿ.

ಇದೇ ಸೀಮೆಯಲ್ಲಿ ಬೆಳೆದ ಇಂಚಗೇರಿ ಸಂಪ್ರದಾಯ, ಸಪ್ತಾಹ ಸಂಸಾರಗಳಿಗೇ ಅಂಟಿದ್ದು ಎಂಬ ಮಾತಿಗೆ ಇನ್ನಷ್ಟು ಬಲ ಕೊಡುತ್ತದೆ. ಅದರ ಮೂಲಪುರುಷ ನಿಂಬರಗಿ ಮಹಾರಾಜರು ಗೃಹಸ್ಥರು. ಅವರಿಂದ ನಾಮ ಪಡೆದ ಭಾವೂಸಾಹೇಬ ಮಹಾರಾಜರು 1843ರಲ್ಲಿ ಜತ್ತ ತಾಲೂಕಿನ ಉಮದಿಯಲ್ಲೇ ಹುಟ್ಟಿದ ದೇಶಪಾಂಡೆ ಮನೆತನದವರು. ಗುರು ಲಿಂಗಾಯತ, ಶಿಷ್ಯ ಬ್ರಾಹ್ಮಣ. ಭಾವೂಸಾಹೇಬರು 1885ರಲ್ಲಿ ಇಂಚಗೇರಿ ಮಠ ಕಟ್ಟಿದರು. ಇಲ್ಲಿ ಕಾವಿ ಕೇಳುವವರಿಲ್ಲ. ಮನೆ, ಹೊಲ, ನೌಕರಿ ಬಿಡದೆ ದಿನವೂ ಧ್ಯಾನಕ್ಕೆ ಕೂಡುವುದೇ ನೇಮ. ಆ ನೇಮ ಸಡಿಲಾಗದಂತೆ ವರ್ಷದಲ್ಲಿ ಆಗಾಗ ಎಲ್ಲರನ್ನೂ ಕೂಡಿಸುವುದು ಸಪ್ತಾಹ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ, ಇದೇ ಪರಂಪರೆಯ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಲೇ ಈ ನೇಮ ನಡೆಸಿದರು. ನಿವೃತ್ತರಾದ ಮೇಲೆ ಹಿಮಾಲಯದ ಕಡೆ ಹೊರಡಲಿಲ್ಲ. ಸೊಲ್ಲಾಪುರ–ಗದಗ ರೈಲುಮಾರ್ಗದ ನಿಂಬಾಳಕ್ಕೆ, ಬಿಸಿಲಿನ ಬಯಲಿಗೇ ಬಂದು ನೆಲೆಸಿ, 1957ರಲ್ಲಿ ಅಲ್ಲೇ ದೇಹ ಬಿಟ್ಟರು. ಗಾಡಿ ಇಳಿದು ಹಾಸಿಗೆ ಸುರುಳಿ ಹೊತ್ತು ಬರುವ ಸಂಸಾರಗಳಿಗೆ ಆ ಸ್ಟೇಷನ್ನೇ ಗಿರಿಧಾಮವಾಯಿತು.

ಊರೊಳಗೇ ಇದ್ದರೆ ಮನಸ್ಸು ಮನೆಗೆ, ಎಮ್ಮೆಗೆ, ಸಾಲಕ್ಕೆ ಓಡುತ್ತದೆ, ದೂರ ಹೋದರೆ ಮಾತ್ರ ದೇವರಲ್ಲಿ ನಿಲ್ಲುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಗುಡ್ಡದ ಶಿಬಿರ ಕೊಡುವ ಮೌನ ಬಯಲಿನ ಸಪ್ತಾಹದಲ್ಲಿ ಸಿಗುವುದಿಲ್ಲ, ನಿಜ. ಆದರೆ ಗುಡ್ಡದಲ್ಲಿ ನಿಂತ ಮನಸ್ಸು ಕೆಳಗಿಳಿದ ಮೇಲೂ ನಿಲ್ಲಬೇಕಲ್ಲ. ಎಮ್ಮೆ ಕಟ್ಟಿಬಂದು ಪಹರೆ ಹಿಡಿದವನು ಪಹರೆ ಮುಗಿಸಿ ಎಮ್ಮೆಯ ಬಳಿಗೇ ಹೋಗುತ್ತಾನೆ. ಅವನಿಗೆ ಶಿಬಿರಕ್ಕೂ ಸಂಸಾರಕ್ಕೂ ನಡುವೆ ಘಾಟು ದಾಟುವ ಕೆಲಸವಿಲ್ಲ. ಇನ್ನೊಂದು ಆಕ್ಷೇಪ ಭಾಷೆಯದು. ಇಂಚಗೇರಿಯವರು ಓದುವ ದಾಸಬೋಧ ಮರಾಠಿ, ವಾರಕರಿಗಳ ಜ್ಞಾನೇಶ್ವರಿಯೂ ಮರಾಠಿ. ಹೀಗೆ ಗಡಿಕನ್ನಡ ಭಕ್ತಿಯ ಹೆಸರಿನಲ್ಲಿ ಕರಗುತ್ತಿದೆ ಎಂಬ ಆತಂಕ. ಗಡಿವಿವಾದದ ಬಗೆಗಿನ 1967ರ ಮಹಾಜನ ವರದಿಯಿಂದ, ನೀರು ಬೇಕೆಂದು 2022ರಲ್ಲಿ ಎದ್ದ ಕೂಗಿನವರೆಗೆ ಜತ್ತದ ಹಳ್ಳಿಗಳನ್ನು ಅತ್ತಲೋ ಇತ್ತಲೋ ಎಂದು ಎಣಿಸುತ್ತಲೇ ಇದ್ದಾರೆ, ಆದ್ದರಿಂದ ಆತಂಕಕ್ಕೆ ಕಾರಣ ಇಲ್ಲದಿಲ್ಲ. ಆದರೆ ಇಂಚಗೇರಿ ಪರಂಪರೆಯ ಮೂಲಪುರುಷ ನಿಂಬರಗಿ ಮಹಾರಾಜರ ಬೋಧಸುಧೆ ಎಂಬ ಗ್ರಂಥ ಕನ್ನಡದ್ದು. ಮರಾಠಿ ಸಂತರ ಬಗ್ಗೆ ಬರೆದ ರಾನಡೆಯವರೇ ಕನ್ನಡದ ಶರಣರು, ದಾಸರ ಬಗ್ಗೆಯೂ ದೊಡ್ಡ ಗ್ರಂಥ ಬರೆದರು. ಪೋಥಿ ಒಂದು ಭಾಷೆಯದಾದರೂ ಅದನ್ನು ಬಿಡಿಸಿ ಹೇಳುವ ಮಾತು ಇನ್ನೊಂದಾಗಬಹುದು. ಗಡಿಯ ಮನೆಗಳು ಬದುಕುತ್ತಿರುವುದೇ ಹಾಗೆ. ಕನ್ನಡ ಶಾಲೆಗೆ ಮಾಸ್ತರರಿಲ್ಲದಿರುವುದು, ಪುಸ್ತಕ ತಡವಾಗುವುದು ಕನ್ನಡಕ್ಕೆ ಮಾಡುವ ಕೇಡನ್ನು ದಾಸಬೋಧದ ಓವಿ ಪದ್ಯಗಳು ಮಾಡಲಾರವು.

ಉತ್ತರ ಸಿಗದ ಆಕ್ಷೇಪವೂ ಒಂದಿದೆ. ಪಂಕ್ತಿಯ ಅಡುಗೆ, ರೊಟ್ಟಿ, ಮುಸುರೆ ಬಹುಪಾಲು ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತವೆ. ಅವರ ಹೆಗಲಿಗೆ ವೀಣಾ ಬರುವುದು ಅಪರೂಪ. ಸಾತ್‌ತಾಲ್‌ನಲ್ಲಿ ಕಸ ಗುಡಿಸುವವನಿಗೆ ರಜೆ ಕೊಟ್ಟು ಆ ಕೆಲಸವನ್ನು ಆಶ್ರಮವಾಸಿಗಳೇ ಮಾಡುವ ರೂಢಿ ಇತ್ತು. ನಮ್ಮಿಂದ ಕಲಿತವರಿಂದ ನಾವೂ ಇಷ್ಟನ್ನು ಮರಳಿ ಕಲಿಯಬಹುದು: ಒಲೆಯ ಮುಂದೆಯೂ ಪಹರೆಯ ಪಟ್ಟಿ ಬರಲಿ, ವೀಣಾದ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೂ ಇರಲಿ.

ಇಂದಿನ ಕಷ್ಟ ಪಹರೆಯ ಪಟ್ಟಿ ತುಂಬುವುದೇ ಆಗಿದೆ. ಬರದ ಸೀಮೆಯ ಬಡ ಸಂಸಾರಗಳು ದೀಪಾವಳಿಯ ಹಿಂದೆ ಮುಂದೆ ಉಚಲು, ಅಂದರೆ ಮುಂಗಡ ಹಣ ತಗೊಂಡು, ಟ್ರ್ಯಾಕ್ಟರ್ ಹತ್ತಿ, ಸಕ್ಕರೆ ಕಾರ್ಖಾನೆಗಳ ಕಬ್ಬು ಕಡಿಯಲು ಹೋಗುತ್ತವೆ. ಕೂಲಿಗಳ ಗುಂಪು ಕಟ್ಟುವ ಮುಕಾದಮನ ವಹಿಯಲ್ಲಿ ಗಂಡ ಹೆಂಡತಿ ಸೇರಿ ಒಂದು ಕೋಯತಾ, ಅಂದರೆ ಒಂದು ಕುಡುಗೋಲು. ಸಂಸಾರವನ್ನು ಒಂದಾಗಿ ಎಣಿಸುವುದು ಅಲ್ಲೂ ಇದೆ, ಇಲ್ಲೂ ಇದೆ. ಆ ವಹಿಗೆ ಹೆಸರು ಸೇರಿದ ಮನೆ ಹಂಗಾಮು ಮುಗಿಯುವ ತನಕ ಪಹರೆಯ ಪಟ್ಟಿಯಲ್ಲಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ಸಪ್ತಾಹ ಬಂದರೆ, ಊರಲ್ಲಿ ಉಳಿದ ಹಿರಿಯನೊಬ್ಬ ಎರಡರಿಂದ ನಾಲ್ಕರ ಪಹರೆ ಮುಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ನಾಲ್ಕರಿಂದ ಆರರದಕ್ಕೂ ತಾನೇ ನಿಲ್ಲಬೇಕಾಗುತ್ತದೆ.